ಪಕ್ಕಕ್ಕಿಟ್ಟ ಓಲೆ

“ಗುರುಗಳೇ, ಮದ್ದಿನ ಓಲೆಗಳನ್ನೆಲ್ಲ ಹುಡುಕಿದೆ. ಬಾಗಿಲಲ್ಲಿ ಕಾದಿರುವ ಹೆಂಗಸಿನ ರೋಗದ ಹೆಸರು ಎಲ್ಲಿಯೂ ಇಲ್ಲ. ಮದ್ದಿಲ್ಲವೆಂದು ಹೇಳಿ ಕಳುಹಿಸಲೇ?” ಎಂದು ಶಿಷ್ಯನು ಕೇಳಿದನು.

ಗುರುಗಳು ಈ ಕತೆ ಹೇಳಿದರು.

ಒಬ್ಬ ವೈದ್ಯನಿಗೆ ಒಬ್ಬಳೇ ಮಗಳು. ಒಂದು ಸಂಜೆ ಆ ಮಗು ಹೊಸ್ತಿಲು ಎಡವಿ ಬಿದ್ದಿತು. ಮರುದಿನ ಅದೇ ಹೊತ್ತಿಗೆ, ಎದುರು ನಿಂತ ತಂದೆಯನ್ನೇ ಕೈಚಾಚಿ ತಡಕಿತು. ವೈದ್ಯನಿಗೆ ರೋಗ ಯಾವುದೆಂದು ತಿಳಿಯಿತು. ಹಗಲು ಕಾಣುವ ಕಣ್ಣು ಕತ್ತಲಾಗುತ್ತಲೇ ಕಾಣದಾಗುವ ಈ ರೋಗಕ್ಕೆ ಶಾಸ್ತ್ರದಲ್ಲಿ ನಕ್ತಾಂಧ್ಯವೆಂದು ಹೆಸರು. ಹೆಸರು ನೆನಪಿತ್ತು, ಮದ್ದು ನೆನಪಿರಲಿಲ್ಲ.

ಮನೆಯಲ್ಲಿ ಅವನ ಅಜ್ಜ ಬರೆದಿಟ್ಟ ನಲವತ್ತು ಕಟ್ಟು ಓಲೆಗಳಿದ್ದವು. ಪ್ರತಿ ಓಲೆಯ ತಲೆಯಲ್ಲೂ ಒಂದು ರೋಗದ ಹೆಸರು. ಅಜ್ಜ ದೊಡ್ಡ ಪಂಡಿತ. ಶಾಸ್ತ್ರದ ಮಾತನ್ನಲ್ಲದೆ ಬೇರೆ ಬರೆದಾನೆಯೇ? ವೈದ್ಯನು ಮೊದಲ ಅಕ್ಷರ ನೋಡುವನು, ತನಗೆ ಬೇಕಾದುದಲ್ಲದಿದ್ದರೆ ಓದದೆ ಪಕ್ಕಕ್ಕಿಡುವನು. ಹೀಗೇ ಹದಿನೈದು ದಿನ ಕಳೆದವು. ಮಗುವಿನ ಎಡಗಣ್ಣು ಮಂಜಾಯಿತು. ವೈದ್ಯನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಎಲ್ಲ ಕಟ್ಟುಗಳನ್ನು ಮತ್ತೆ ಮೊದಲಿನಿಂದ ಬಿಚ್ಚಿದನು. ಹುಡುಕಿದ್ದು ಮಾತ್ರ ಅದೇ ಹೆಸರನ್ನು.

ಹಾಲು ತರುವ ಮುದುಕಿ ನೋಡಿ ನೋಡಿ ತಡೆಯಲಾರದೆ ಅಂದಳು: “ಏನ್ ಹುಡುಕ್ತೀರಿ ಅಯ್ನೋರೆ? ಮಗೀಗೆ ಬಂದಿರೋದು ಇರುಳುಗಣ್ಣಲ್ವಾ? ಚಿಕ್ಕೋಳಿದ್ದಾಗ ನನಗೂ ಬಂದಿತ್ತು. ನಿಮ್ಮಜ್ಜಾರೇ ವಾಸಿ ಮಾಡಿದ್ರು.”

“ಅಜ್ಜ ಆಗ ಓಲೆಯಲ್ಲಿ ಏನೆಂದು ಬರೆದುಕೊಂಡರು?”

“ನಮ್ಮವ್ವ ಏನಂದ್ಲೋ ಅದನ್ನೇ ಬರಕೊಂಡ್ರು. ಯಾರ್ ಬಂದ್ರೂ ಅವರ ಬಾಯಲ್ಲಿ ಬಂದಿದ್ದನ್ನೇ ಬರೀತಿದ್ರು.”

ವೈದ್ಯನು ಒಳಗೆ ಓಡಿದನು. ತಾನೇ ಎರಡು ಸಲ ಪಕ್ಕಕ್ಕಿಟ್ಟ ರಾಶಿಯಲ್ಲಿ ಇರುಳುಗಣ್ಣಿನ ಓಲೆ ಇತ್ತು. ಬೇರೆ ಬೇರೆ ಕೇರಿಯವರು ಕರೆದಂತೆ ಅದೇ ರೋಗಕ್ಕೆ ಇನ್ನೂ ಎರಡು ಹೆಸರಿನ ಓಲೆಗಳಿದ್ದವು. ಮೂರರಲ್ಲೂ ಒಂದೇ ಮದ್ದು: ತುಪ್ಪ ಹಾಕಿ ಬೇಯಿಸಿದ ನುಗ್ಗೆಸೊಪ್ಪು, ದಿನವೂ. ನುಗ್ಗೆಮರ ಅವನ ಹಿತ್ತಲಿನಲ್ಲೇ ಇತ್ತು.

ಮಗುವಿನ ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಹೊತ್ತು ಮೀರಿತ್ತು. ಹಿತ್ತಲಿಗೆ ಹೋದಾಗಲೆಲ್ಲ ವೈದ್ಯನು ಆ ನುಗ್ಗೆಮರದ ಮುಂದೆ ನಿಂತುಬಿಡುತ್ತಿದ್ದನು.

ಕತೆ ಮುಗಿಸಿ ಗುರುಗಳು ಬಾಗಿಲ ಕಡೆ ನೋಡಿದರು.

“ಅಲ್ಲಿ ಕಾದಿರುವ ಆ ತಾಯಿ ತನ್ನ ಬೇನೆಗೆ ಏನೆಂದು ಹೆಸರು ಹೇಳಿದಳು?”

ಶಿಷ್ಯನು ಅದನ್ನು ಕೇಳಿರಲೇ ಇಲ್ಲ; ಎದ್ದು ಬಾಗಿಲಿಗೆ ನಡೆದನು.