ಗೇಟಿನವನ ನಂಬರು

"ಗುರುಗಳೇ, ಒಬ್ಬನ ಮೇಲೆ ಅನುಮಾನ ಬಂದರೆ ಮರೆಯಲ್ಲಿ ನಿಂತು ನೋಡುವುದು ತಪ್ಪೇ?" ಎಂದು ಗುರುಪಾದ ಕೇಳಿದ. ಅವನು ಮಠದ ಹಸುಗಳನ್ನು ನೋಡಿಕೊಳ್ಳುವ ಶಿಷ್ಯ. ಉಗ್ರಾಣದ ನಿಂಗಯ್ಯ ಅಕ್ಕಿ ಕದ್ದು ಸಾಗಿಸುತ್ತಾನೆಂದು ಅವನಿಗೆ ಗುಮಾನಿ. ಮೂರು ದಿನದಿಂದ ಸಂಜೆಯಾದರೆ ಉಗ್ರಾಣದ ಹಿಂದೆ ಅಡಗಿ ಕಾಯುತ್ತಿದ್ದ.

"ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಕವಲು ರೈಲುದಾರಿ. ಅದರಲ್ಲೊಂದು ಪುಟ್ಟ ಸ್ಟೇಷನ್. ಬೆಳಿಗ್ಗೆ ಪಟ್ಟಣಕ್ಕೆ ಕೆಲಸಕ್ಕೆ ಹೋದವರನ್ನು ಸಂಜೆಯ ಗಾಡಿ ತಂದು ಇಳಿಸುತ್ತಿತ್ತು. ಅರ್ಧ ಮೈಲಿ ಆಚೆ, ರಸ್ತೆ ಹಳಿ ದಾಟುವಲ್ಲಿ, ಒಂದು ಗೇಟು. ಗಾಡಿ ಬರುವ ಮುನ್ನ ಸ್ಟೇಷನ್ ಮಾಸ್ತರ ಗೇಟಿನವನಿಗೆ ಫೋನ್ ಮಾಡಬೇಕು. ಅವನು ಗೇಟು ಮುಚ್ಚಿ, ತನ್ನ ಪುಸ್ತಕದಿಂದ ಒಂದು ಗುಟ್ಟಿನ ನಂಬರು ಹೇಳಬೇಕು. ನಂಬರು ಬಂದರೆ ಗೇಟು ಮುಚ್ಚಿದೆ ಎಂದರ್ಥ. ಆಮೇಲೆಯೇ ಸಿಗ್ನಲ್.

ಹೊಸದಾಗಿ ಬಂದ ಮಾಸ್ತರನ ತಲೆಗೆ ಹುಳ ಹೊಕ್ಕಿತು. ಫೋನ್ ಮಾಡುವುದೇ ತಡ, ನಂಬರು ಬಂದುಬಿಡುತ್ತಿತ್ತು. ಗೇಟಿನ ಚಕ್ರ ತಿರುಗಿಸಲು ಮೂರು ನಿಮಿಷವಾದರೂ ಬೇಡವೇ? ಇವನು ಮಂಚ ಬಿಟ್ಟು ಏಳುವುದೇ ಇಲ್ಲ, ಯಾವತ್ತೋ ಒಂದು ದಿನ ಬಸ್ಸು ಗಾಡಿಗೆ ಸಿಕ್ಕಿ ಜನ ಸಾಯುತ್ತಾರೆ ಎಂದುಕೊಂಡ. ಅಲ್ಲಿಂದ ಮುಂದೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗೇಟಿನವನು ನಮಸ್ಕಾರ ಮಾಡಿದರೆ ನಾಟಕ, ಮಾಡದಿದ್ದರೆ ಕೊಬ್ಬು. ಕೇಳಿಬಿಡಬಹುದಿತ್ತು, ಕೇಳಿದರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆಂದು ಕೇಳಲಿಲ್ಲ. "ಈತ ತನ್ನ ಜಾಗದಲ್ಲಿ ಇರುವುದಿಲ್ಲ, ಕೆಲಸದಿಂದ ತೆಗೆಯಬೇಕು" ಎಂದು ಮೇಲಿನವರಿಗೆ ದೂರು ಬರೆದು ಜೇಬಿನಲ್ಲಿಟ್ಟುಕೊಂಡ. ಕಣ್ಣಾರೆ ಕಂಡು ಕಳಿಸುವುದೊಂದೇ ಬಾಕಿ.

ಒಂದು ಸಂಜೆ ಗಾಡಿಯ ಹೊತ್ತಿಗೆ ಸೈಕಲ್ ಹತ್ತಿ ಹೋಗಿ, ಗೇಟಿನ ಪಕ್ಕದ ಪೊದೆಯ ಹಿಂದೆ ಕುಳಿತ. ಗೇಟು ಆಗಲೇ ಮುಚ್ಚಿತ್ತು. ಗೇಟಿನವನು ಹಸಿರು ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಫೋನನ್ನೇ ನೋಡುತ್ತ ನಿಂತಿದ್ದ. ಫೋನ್ ಬರಲಿಲ್ಲ. ಗಾಡಿ ಬಂದು, ಸಿಗ್ನಲ್ ಸಿಗದೆ ನಿಂತು ಕೂಗತೊಡಗಿತು. ಆಗ ಮಾಸ್ತರನಿಗೆ ಹೊಳೆಯಿತು. ಸಿಗ್ನಲ್ ಕೊಡಬೇಕಾದವನು ಪೊದೆಯಲ್ಲಿದ್ದ.

ಎದ್ದು ಬಂದವನನ್ನು ಕಂಡು ಗೇಟಿನವನು, "ಫೋನೇ ಬರ್ಲಿಲ್ಲ ಸ್ವಾಮಿ. ನಿಮಗೇನಾಯ್ತೋ ಅಂತ ಜೀವ ಹೊಡ್ಕೊಳ್ತಿತ್ತು" ಎಂದ.

"ಫೋನಿಗೆ ಮುಂಚೆ ಗೇಟು ಯಾಕೆ ಮುಚ್ಚಿದೆ?"

"ದಿನಾ ಹಿಂಗೇ ಸ್ವಾಮಿ. ಚಕ್ರ ತುಕ್ಕು ಹಿಡಿದು ತಿರುಗೋಕೆ ಹೊತ್ತಾಗುತ್ತೆ, ಅದಕ್ಕೆ ಮೊದಲೇ ಮುಚ್ಚಿ ಕಾಯ್ತೀನಿ. ರಿಪೇರಿ ಮಾಡಿಸಿ ಅಂತ ನಿಮಗೆ ಚೀಟಿ ಕೊಟ್ಟಿದ್ನಲ್ಲ."

ಆ ಚೀಟಿ ಮಾಸ್ತರನ ಮೇಜಿನ ಖಾನೆಯಲ್ಲಿ ಓದದೆ ಬಿದ್ದಿತ್ತು. ಗಾಡಿ ಇಪ್ಪತ್ತು ನಿಮಿಷ ನಿಂತಿದ್ದನ್ನು ಡ್ರೈವರು ಬರೆದುಕೊಂಡು ಹೋದ. ವಾರದೊಳಗೆ ಮೇಲಿನವರ ಕಾಗದ ಬಂತು: "ಈತ ತನ್ನ ಜಾಗದಲ್ಲಿ ಇರುವುದಿಲ್ಲ, ಕೆಲಸದಿಂದ ತೆಗೆಯಲಾಗಿದೆ." ಮಾಸ್ತರನ ಜೇಬಿನಲ್ಲಿದ್ದ ಮಾತೇ. ಹೆಸರು ಮಾತ್ರ ಅವನದು.

ಗುರುಪಾದನಿಗೆ ಸಮಾಧಾನವಾಗಲಿಲ್ಲ. "ಆ ಗೇಟಿನವನು ಜಾಗದಲ್ಲಿದ್ದ, ಸರಿ. ಆದರೆ ನಮ್ಮ ನಿಂಗಯ್ಯ ಮೂರು ದಿನವೂ ಸಂಜೆ ಉಗ್ರಾಣಕ್ಕೆ ಬೀಗ ಹಾಕಿ ಹೊರಟುಹೋದ, ಗುರುಗಳೇ. ಎಲ್ಲಿಗೆ ಹೋಗುತ್ತಾನೆ?"

ಗುರುಗಳು ಹೇಳಿದರು: "ನಿನ್ನ ಹಸುಗಳ ಹಾಲು ಕರೆಯುವುದಕ್ಕೆ."