ಮೂರನೆಯ ದಿನದ ಬುತ್ತಿ

ಬಲು ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲಕ್ಕೆ, ಏಳು ದಾರಿ ಬಂದು ಕೂಡುವ ಕಡೆ ಒಂದು ಊರಿತ್ತಂತೆ. ಮೊದಲು ಊರು, ಆಮೇಲೆ ಸಂತೆ, ಆಮೇಲೆ ಪಟ್ಟಣ. ನಿಜವಾದ ಹೆಸರು ಏನಿತ್ತೋ, ಜನ ಏಳುದಾರಿ ಪೇಟೆ ಅಂತಲೇ ಕರೆಯುತ್ತಿದ್ದರು. ಹತ್ತಿ ಹೇರಿದ ಬಂಡಿ ಒಂದು ದಾರಿಯಿಂದ ಬಂದರೆ ಉಪ್ಪು ಹೇರಿದ ಬಂಡಿ ಇನ್ನೊಂದು ದಾರಿಯಿಂದ ಹೋಗುತ್ತಿತ್ತು. ಬಂದವರು ಅಲ್ಲಿ ನಿಲ್ಲುವವರಲ್ಲ. ಎತ್ತಿಗೆ ನೀರು ಕುಡಿಸಿ, ತಮಗೆ ಬುತ್ತಿ ಕಟ್ಟಿಸಿಕೊಂಡು ಹೊರಡುವವರು. ಅದಕ್ಕೇ ಆ ಪೇಟೆಯಲ್ಲಿ ಕೂತು ಉಣ್ಣುವ ಮನೆಗಿಂತ ಕಟ್ಟಿ ಕೊಡುವ ಮನೆ ಹೆಚ್ಚು. ಬುತ್ತಿ ಓಣಿ ಅಂತ ಒಂದು ಓಣಿಯೇ ಇತ್ತು. ಅಲ್ಲಿ ಅರವತ್ತು ಒಲೆ ಉರಿಯುತ್ತಿದ್ದವಂತೆ. ಏರಿಸಿ ಹೇಳುವವರು ನೂರು ಅನ್ನುತ್ತಾರೆ.

ಆ ಪೇಟೆಯಲ್ಲಿ ಅಡಿವೆಪ್ಪ ಅಂತ ಒಬ್ಬ ಬಂಡಿಯವನಿದ್ದ. ಅವನದು ಸಾಮಾನ್ಯ ನಾಲಿಗೆಯಲ್ಲ ಅಂತಾರೆ. ರೊಟ್ಟಿಯ ಚೂರು ಬಾಯಿಗಿಟ್ಟರೆ ಜೋಳ ಎರೆಹೊಲದ್ದೋ ಮಸಾರಿ ಹೊಲದ್ದೋ ಹೇಳುತ್ತಿದ್ದನಂತೆ. ಹಿಟ್ಟು ನಾದಿದ ನೀರು ಯಾವ ಬಾವಿಯದು ಅಂತ ಹೇಳುತ್ತಿದ್ದನಂತೆ. ಒಮ್ಮೆ ಪುಂಡಿ ಪಲ್ಯ ನೆಕ್ಕಿ ನೋಡಿ, "ಇದನ್ನ ಮಾಡಿದಾಕಿ ಗಂಡನ ಕೂಡ ಮಾತು ಬಿಟ್ಟಾಳ" ಅಂದನಂತೆ. ವಿಚಾರಿಸಿದರೆ ಹೌದೇ ಆಗಿತ್ತಂತೆ. ಇದರಲ್ಲಿ ನಡೆದದ್ದೆಷ್ಟು, ಜನ ಸೇರಿಸಿದ್ದೆಷ್ಟು, ನನಗೆ ಗೊತ್ತಿಲ್ಲ. ಕೇಳಿದ್ದನ್ನು ಹೇಳುತ್ತೇನೆ.

ಹೆಂಡತಿ ಗುರವ್ವ ಇರುವ ತನಕ ಅಡಿವೆಪ್ಪ ಹೊರಗಿನ ಬುತ್ತಿ ಮುಟ್ಟಿದವನಲ್ಲ. ಅವಳು ಕಟ್ಟಿ ಕೊಟ್ಟದ್ದನ್ನು ಬಂಡಿಯ ಮೂಕಿಗೆ ತೂಗುಹಾಕಿಕೊಂಡು ಹೋಗುವನು, ಖಾಲಿ ಅರಿವೆ ಮಡಚಿಕೊಂಡು ಬರುವನು. ಒಂದು ಮಳೆಗಾಲ ಜ್ವರ ಬಂದು ಗುರವ್ವ ಹೋದಳು. ಮಕ್ಕಳಿಲ್ಲ, ಮರಿಯಿಲ್ಲ. ತೌಡಿನ ಬುಟ್ಟಿ ಹೊತ್ತುಕೊಂಡು ಎತ್ತುಗಳ ಮುಂದೆ ನಿಂತಾಗ, ಇವಕ್ಕೆ ನಾನಿದ್ದೀನಿ, ನನಗೆ ಯಾರು ಅನ್ನಿಸಿತಂತೆ. ಆವತ್ತಿನಿಂದ ಅವನು ಬುತ್ತಿ ಓಣಿಯ ಒಂದೊಂದೇ ಬಾಗಿಲಿಗೆ ಹೋಗತೊಡಗಿದ. ಈ ಪೇಟೆಯಲ್ಲಿ ಎಲ್ಲಕ್ಕಿಂತ ಚಲೋ ಬುತ್ತಿ ಯಾವುದು, ಹುಡುಕಿಯೇ ತೀರುತ್ತೇನೆ ಅಂತ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಒಳಗೆ ಅವನು ಹುಡುಕುತ್ತಿದ್ದದ್ದು ಗುರವ್ವನ ಕೈಯನ್ನು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅವನ ಪರೀಕ್ಷೆ ಬೇರೆಯವರ ಹಾಗಿರಲಿಲ್ಲ. "ಬಿಸಿ ಇದ್ದಾಗ ಎಲ್ಲಾರ ಅಡಿಗೀನೂ ರುಚೀನೇ. ಮೂರನೇ ದಿನ ಮಧ್ಯಾಹ್ನ ಬಿಚ್ಚಿ ತಿಂದು ನೋಡ್ರಿ, ಆವಾಗ ಯಾರ ಕೈ ಎಂಥಾದ್ದು ಗೊತ್ತಾಗ್ತೈತಿ" ಅನ್ನುತ್ತಿದ್ದ. ಪೇಟೆಯಿಂದ ಮೂರು ದಿನದ ದಾರಿಗೆ ಒಂದು ಮೆಟ್ಟಿಲಬಾವಿ. ಅದರ ಕಟ್ಟೆಯ ಮೇಲೆ ಕೂತೇ ಅವನು ಬುತ್ತಿ ಬಿಚ್ಚುವುದು. ಒಬ್ಬರ ರೊಟ್ಟಿ ಅಷ್ಟು ಹೊತ್ತಿಗೆ ಚಕ್ಕಳವಾಗಿರುತ್ತಿತ್ತು. ಒಬ್ಬರ ಬದನೆಕಾಯಿ ಹಳಸಿರುತ್ತಿತ್ತು. ಒಬ್ಬರ ಗುರೆಳ್ಳು ಹಿಂಡಿಯಲ್ಲಿ ಉಪ್ಪು ಮುಂದಾಗಿ ಗುರೆಳ್ಳೇ ಇರುತ್ತಿರಲಿಲ್ಲ. ತಿರುಗಿ ಬಂದು ಪೇಟೆಯ ಅಗಸಿ ಬಾಗಿಲಲ್ಲಿ ನಿಂತರೆ ಬಂಡಿಯವರು ಮುತ್ತಿಕೊಳ್ಳುವರು. "ಅಡಿವೆಪ್ಪಣ್ಣ, ಇವತ್ತ ಎಲ್ಲಿ ಕಟ್ಟಸೋಣು?" ಅವನು ಬೆರಳು ತೋರಿದ ಮನೆಯ ಮುಂದೆ ಸಾಲು ನಿಲ್ಲುವುದು. ಬೆರಳು ತೋರದ ಮನೆಯ ಒಲೆ ಮಧ್ಯಾಹ್ನಕ್ಕೇ ಆರುವುದು. ಒಲೆ ಆರಿದ ಮನೆಯವರು ಏನು ತಿಂದರು ಅಂತ ಅವನು ಕೇಳಲಿಲ್ಲ. ಬೆರಳಿಗೆ ಅಷ್ಟು ಬೆಲೆ ಬಂದದ್ದು ಅವನಿಗೆ ಹಿತವಾಗಿತ್ತು.

ಹೀಗೇ ವರ್ಷಗಳು ಹೋದವು. ಅರವತ್ತೂ ಒಲೆ ಮುಗಿದವು. ಗುರವ್ವನ ಕೈ ಸಿಗಲಿಲ್ಲ.

ಒಂದು ದಿನ ನೀಲಿ ಬಣ್ಣ ಕಾಯಿಸುವವರ ಓಣಿಯಲ್ಲಿ ಅವನ ಎಡದ ಎತ್ತಿನ ಲಾಳ ಕಳಚಿಬಿತ್ತು. ಲಾಳ ಬಡಿಯುವವನು ಬರುವ ತನಕ ಬಂಡಿಯ ನೆರಳಿಗೆ ಕೂತ. ಎದುರಿಗೆ ಒಂದು ತಗ್ಗು ಬಾಗಿಲಿನ ಮನೆ. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆ ಮನೆಯಲ್ಲಿ ಸಾತವ್ವ ಅಂತ ಒಬ್ಬ ವಿಧವೆ ಇದ್ದಳು. ದಿನಕ್ಕೆ ನಾಲ್ಕೈದು ಬುತ್ತಿ, ಅದೂ ಆ ಓಣಿಯಲ್ಲಿ ಹಾದುಹೋಗುವ ಬಳೆಗಾರರಿಗೋ ಜೋಗಿಗಳಿಗೋ. ಆಕೆ ಬಾಗಿಲಿಗೆ ಬಂದು, "ದೂರ ಹೊಂಟೀರೇನಣ್ಣಾ? ಬುತ್ತಿ ಐತೇನು?" ಅಂತ ಕೇಳಿದಳು. ಇಲ್ಲ ಅಂದ. ಒಂದು ಕಟ್ಟಿ ಕೊಟ್ಟಳು.

ಮೂರನೆಯ ದಿನ ಮಧ್ಯಾಹ್ನ ಮೆಟ್ಟಿಲಬಾವಿಯ ಕಟ್ಟೆಯ ಮೇಲೆ ಅದನ್ನು ಬಿಚ್ಚಿದ. ಹುಳಿಹಿಟ್ಟಿನ ಮೆತ್ತನೆಯ ರೊಟ್ಟಿ, ಎಣ್ಣೆಯಲ್ಲಿ ಬಾಡಿಸಿದ ಹೀರೆಕಾಯಿ, ಕರಿಯ ಹಿಂಡಿ, ಮೂಲೆಯಲ್ಲಿ ಒಂದು ಉಂಡೆ ಬೆಲ್ಲ. ಒಂದು ತುತ್ತು ಬಾಯಿಗಿಟ್ಟ. ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಬಂತಂತೆ. ಗುರವ್ವನ ಕೈ ಸಿಕ್ಕಿತು ಅಂತ ಅತ್ತ ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಅದು ಗುರವ್ವನ ಕೈಯಡಿಗೆಗಿಂತ ಚಲೋ ಇತ್ತು. ಈ ಭೂಮಿಯ ಮೇಲೆ ಅವಳ ಹಾಗೆ ಮಾಡುವವರಿಲ್ಲ ಅನ್ನುವ ಒಂದು ಮಾತನ್ನು ಹಿಡಿದುಕೊಂಡು ಅವನು ಅಷ್ಟು ವರ್ಷ ಬದುಕಿದ್ದ. ಆ ತುತ್ತಿನೊಂದಿಗೆ ಅದೂ ಹೋಯಿತು. ಅತ್ತ, ಅಳುತ್ತಲೇ ಪೂರ್ತಿ ತಿಂದ.

ತಿರುಗಿ ಬಂದವನು ನೇರ ಆಕೆಯ ಬಾಗಿಲಿಗೆ ಹೋದ. "ತಂಗೀ, ಈ ಪೇಟೆಯಾಗ ನಿನ್ನಂಥಾ ಕೈ ಇನ್ನೊಂದಿಲ್ಲ" ಅಂದ. ಆಕೆಯ ಮುಖ ಬಿಳಿಚಿತು. ಅವನು ಯಾರು ಅಂತ ಆಕೆಗೆ ಗೊತ್ತಿತ್ತು.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಇದನ್ನ ಯಾರ ಮುಂದೂ ಹೇಳಬ್ಯಾಡ."

"ಯಾಕವ್ವಾ? ಮನಿ ಉದ್ಧಾರ ಆಗ್ತೈತಿ."

"ನನಗ ಇಲ್ಲ ಅನ್ನಾಕ ಬರಂಗಿಲ್ಲ."

ಆಮೇಲೆ ಆಕೆ ಹೇಳಿದಳಂತೆ. ಬರದ ವರ್ಷ ಒಬ್ಬ ಮುದುಕಿ ಬಾಗಿಲಿಗೆ ಬಂದಿದ್ದಳು. ಮನೆಯಲ್ಲಿ ಎರಡು ರೊಟ್ಟಿ ಇದ್ದವು, ಗಂಡ ಆಗ ಹಾಸಿಗೆ ಹಿಡಿದಿದ್ದ. ಇಲ್ಲವ್ವಾ, ಮುಂದಕ್ಕೆ ಹೋಗು ಅಂದಳು. ಮಾರನೆಯ ದಿನ ಮುದುಕಿ ಓಣಿಯ ತುದಿಯಲ್ಲೇ ಸತ್ತು ಬಿದ್ದಿದ್ದಳು. ಅಂದಿನಿಂದ ಆ ಶಬ್ದ ಗಂಟಲಿನಿಂದ ಮೇಲಕ್ಕೆ ಬರುವುದಿಲ್ಲ. ಈ ಓಣಿಗೆ ಜನ ಕಡಿಮೆ, ಹಾಗಾಗಿ ಹೇಗೋ ನಡೆದಿದೆ.

ಅಡಿವೆಪ್ಪ ಎತ್ತಿನ ಮೇಲೆ ಆಣೆ ಮಾಡಿದ. ಒಂದು ವರ್ಷ ಆಣೆ ಉಳಿಸಿಕೊಂಡ. ಅಗಸಿಯಲ್ಲಿ ಕೇಳಿದವರಿಗೆ ಬೇರೆ ಬೇರೆ ಮನೆ ತೋರಿಸುತ್ತ, ತಾನು ಮಾತ್ರ ಹಿಂದಿನ ಓಣಿಯಿಂದ ಹೋಗಿ ಆಕೆಯ ಬುತ್ತಿ ತರುತ್ತಿದ್ದ. ಆ ಒಂದು ವರ್ಷ ಅವನು ಸುಖವಾಗಿದ್ದನಂತೆ. ನನಗೆ ಈ ಕತೆಯಲ್ಲಿ ಸುಖ ಕಾಣುವುದು ಅಷ್ಟರಲ್ಲೇ.

ಹತ್ತಿಯ ಸುಗ್ಗಿ ಬಂತು. ಮೆಟ್ಟಿಲಬಾವಿಯ ಹತ್ತಿರ ನಲವತ್ತು ಬಂಡಿ ಕೊಳ್ಳು ಹರಿದು, ಎತ್ತು ಬಿಚ್ಚಿ ನಿಂತಿದ್ದವು. ಹತ್ತಿಯ ದಲಾಲಿ ರಾಚೋಟೆಪ್ಪ ತನ್ನ ಸವಾರಿ ಬಂಡಿಯಲ್ಲಿ ಬಂದು ಇಳಿದಿದ್ದ. ದೊಡ್ಡ ಹೊಟ್ಟೆ, ದೊಡ್ಡ ದನಿ. ಅಡಿವೆಪ್ಪ ಹಿಂದಿನ ವಾರ ತೋರಿಸಿದ ಮನೆಯ ಬುತ್ತಿಯನ್ನು ಎಲ್ಲರ ಮುಂದೆ ಬಿಚ್ಚಿ, ಮೂಸಿ, ನಾಯಿಗೆ ಹಾಕಿದ.

"ಏ ಅಡಿವೆಪ್ಪಾ, ನಿನ್ನ ನಾಲಿಗಿ ಸತ್ತೈತಿ. ಇನ್ನ ಅದಕ್ಕ ಮಣ್ಣ ಕೊಡು" ಅಂದ.

ನಲವತ್ತು ಬಂಡಿಯವರೂ ನಕ್ಕರು. ಅಡಿವೆಪ್ಪನಿಗೆ ಕಿವಿ ಬಿಸಿಯಾಯಿತು. ಸುಮ್ಮನೆ ಕೂತಿದ್ದರೆ ನಗೆ ಎತ್ತು ಹೂಡುವುದರೊಳಗೆ ಮುಗಿದುಹೋಗುತ್ತಿತ್ತು. ಅವನು ಸುಮ್ಮನೆ ಕೂರಲಿಲ್ಲ. ತನ್ನ ಬುತ್ತಿ ಬಿಚ್ಚಿದ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ದಲಾಲಿಯಿಂದ ಹಿಡಿದು ಕೊನೆಯ ಬಂಡಿಯವನ ತನಕ ಒಂದೊಂದು ಚೂರು ಕೈಗೆ ಕೊಟ್ಟ. ನಕ್ಕವರೆಲ್ಲ ಬೆರಳು ನೆಕ್ಕಿಕೊಂಡರಂತೆ.

"ಇದು ಯಾರ ಕೈದು?" ಅಂತ ರಾಚೋಟೆಪ್ಪ ಸಣ್ಣ ದನಿಯಲ್ಲಿ ಕೇಳಿದ.

ಅಡಿವೆಪ್ಪ ಹೇಳಿದ. ಬಾಯಿ ತಪ್ಪಿ ಬಂತು ಅಂತ ಮುಂದೆ ಕೆಲವರು ಅವನ ಪರವಾಗಿ ಹೇಳುತ್ತಿದ್ದರು. ಬಾಯಿ ತಪ್ಪಿರಲಿಲ್ಲ. ಓಣಿಯ ಹೆಸರು, ಬಾಗಿಲಿನ ಗುರುತು, ಆಕೆಯ ಹೆಸರು, ಮೂರನ್ನೂ ಬಿಡಿಸಿ ಹೇಳಿದ. ಹೇಳುವಾಗ ಎದೆ ಉಬ್ಬಿತ್ತು. ಅದು ಅವನಿಗೆ ಸಾಯುವ ತನಕ ನೆನಪಿತ್ತು.

ಅವನ ಬಂಡಿ ಇನ್ನೂ ಮುಂದಿನ ಊರಿಗೆ ಹೋಗಬೇಕಿತ್ತು. ಇಪ್ಪತ್ತು ದಿನ ಬಿಟ್ಟು ಪೇಟೆಗೆ ತಿರುಗಿ ಬಂದಾಗ ನೀಲಿ ಓಣಿಯೊಳಗೆ ಎತ್ತು ನುಗ್ಗಿಸಲು ಜಾಗವಿರಲಿಲ್ಲ. ಸಾಲು ಅಗಸಿಯ ತನಕ ಬಂದಿತ್ತು. ಜನರನ್ನು ದಾಟಿಕೊಂಡು ಒಳಗೆ ಹೋದ. ಸಾತವ್ವ ಹೊಗೆಯ ನಡುವೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಂಗೈಯ ಚರ್ಮ ಎದ್ದು ಅರಿವೆ ಸುತ್ತಿಕೊಂಡಿದ್ದಳು. ಕಣ್ಣು ಕೆಂಡದ ಹಾಗೆ. ಒಂದೇ ಸಮನೆ ಕೆಮ್ಮುತ್ತಿದ್ದಳು. ನೆರೆಯ ಹೆಂಗಸರು ನೆರವಿಗೆ ಬಂದಿದ್ದರಂತೆ, ಆದರೆ ಅವರು ಬಡಿದ ರೊಟ್ಟಿಯನ್ನು ಜನ ತಿರುಗಿ ಕೊಟ್ಟರಂತೆ. ಸಾತವ್ವನ ಕೈದೇ ಬೇಕು ಅಂದರಂತೆ.

"ಬಾಗಿಲಾ ಹಾಕ ತಂಗೀ" ಅಂದ ಅಡಿವೆಪ್ಪ.

"ಹಸದು ಬಂದಾರಣ್ಣಾ."

"ಇವರು ಹಸದವರಲ್ಲ ತಂಗೀ. ಮನಿಯಾಗ ಉಂಡು ರುಚಿಗೆ ಬಂದವರು."

"ಹಸಿವು ಯಾವುದು, ರುಚಿ ಯಾವುದು, ನಿನಗ ತಿಳೀತೈತಿ. ನಿನಗ ನಾಲಿಗಿ ಐತಿ. ನನಗ ಬರೇ ಕೈ ಅದಾವ."

ಯಾಕೆ ಹೇಳಿದಿ ಅಂತ ಆಕೆ ಕೇಳಲೇ ಇಲ್ಲ. ಕೇಳಿದ್ದರೆ ಅವನು ಕಾಲು ಹಿಡಿದು ಅಳಬಹುದಿತ್ತು.

ಅವನು ಹೊರಗೆ ಬಂದು ಕಟ್ಟೆಯ ಮೇಲೆ ನಿಂತು ಕೂಗಿದ. ಈ ಮನೆಯ ಬುತ್ತಿ ಕೆಟ್ಟಿದೆ, ನನ್ನ ನಾಲಿಗೆಯ ಮೇಲೆ ಆಣೆ, ಬುತ್ತಿ ಓಣಿಗೆ ಹೋಗಿ ಅಂದ. ಇಷ್ಟು ವರ್ಷ ಅವನ ಮಾತನ್ನು ಜನ ಕಣ್ಣು ಮುಚ್ಚಿ ನಂಬಿದ್ದರು. ಆವತ್ತು ಒಬ್ಬನೂ ನಂಬಲಿಲ್ಲ. "ತಾನೊಬ್ಬನೇ ತಿನ್ನಾಕ ನೋಡ್ತಾನ" ಅಂತ ಸಾಲಿನಿಂದ ಒಬ್ಬ ಅಂದ. ಉಳಿದವರು ಹೌದೌದು ಅಂದರು. ಯಾರೋ ಅವನನ್ನು ಕಟ್ಟೆಯಿಂದ ಕೆಳಗೆ ನೂಕಿದರು.

ಎತ್ತುಗಳನ್ನು ಗೆಳೆಯನ ಕೊಟ್ಟಿಗೆಯಲ್ಲಿ ಕಟ್ಟಿ ಬಂದು ಅವನು ಒಲೆಯ ಮುಂದೆ ಕೂತ. ಕಟ್ಟಿಗೆ ಒಡೆದ, ನೀರು ಹೊತ್ತ, ಜೋಳ ಬೀಸಿದ. ಗಂಡಸು ಬೀಸುಕಲ್ಲಿಗೆ ಕೂತದ್ದನ್ನು ನೋಡಿ ಓಣಿ ನಕ್ಕಿತು. ಬಾಗಿಲಿಗೆ ಅಡ್ಡ ಮಲಗಿದರೆ ದಾಟಿಕೊಂಡು ಬಂದರು. ಅವನು ಇಲ್ಲ ಇಲ್ಲ ಅನ್ನುತ್ತಿದ್ದರೆ ಒಳಗಿಂದ ಆಕೆ "ಬಂದೆ, ತಡೀರಿ" ಅನ್ನುತ್ತಿದ್ದಳು. ಎಂಟು ದಿನ ಹೀಗೆ ನಡೆಯಿತು ಅಂತಾರೆ. ಹದಿನಾರು ಅನ್ನುವವರೂ ಇದ್ದಾರೆ.

ಕೊನೆಯ ದಿನ ಸೂರ್ಯ ನೆತ್ತಿಯ ಮೇಲಿದ್ದಾಗ, ಹೆಂಚಿನ ಮೇಲೆ ರೊಟ್ಟಿ ಹಾಕಿದವಳು ಗೋಡೆಗೆ ಒರಗಿದಳು. ದಣಿವಾಯಿತೇನೋ ಅಂದುಕೊಂಡು ಅಡಿವೆಪ್ಪ ಜೋಳ ಬೀಸುತ್ತಲೇ ಇದ್ದ. ರೊಟ್ಟಿ ಸೀದು ಹೊಗೆ ಎದ್ದಿತು. ಆಕೆ ಕೈ ಚಾಚಲಿಲ್ಲ. ಹೊರಗಿನಿಂದ ಒಬ್ಬ ಕೂಗಿದ: "ಸೀದ ವಾಸನಿ ಬರಾಕತ್ತೈತಿ, ಲಕ್ಷ್ಯ ಎಲ್ಲೈತಿ?"

ಅಡಿವೆಪ್ಪ ಬಾಗಿಲಿಗೆ ಬಂದ. ಆಕೆ ಹೋದಳು ಅಂದ. ಮುಂದಿನವರು ತಲೆಗೆ ಸುತ್ತಿದ ರುಮಾಲು ತೆಗೆದರು. ಹಿಂದಿನವರಿಗೆ ಕೇಳಿಸದೆ ಅವರು ತಳ್ಳುತ್ತಲೇ ಇದ್ದರು. ಆಗ ರುಮಾಲು ತೆಗೆದವರಲ್ಲೇ ಒಬ್ಬ, ತಗ್ಗಿದ ದನಿಯಲ್ಲಿ ಕೇಳಿದ.

"ಕಟ್ಟಿದ್ದು ಎಷ್ಟ ಉಳದಾವ?"

ಹನ್ನೊಂದು ಉಳಿದಿದ್ದವು. ಇನ್ನು ಇಂಥದ್ದು ಸಿಗುವುದಿಲ್ಲವಲ್ಲ ಅಂತ ಜಗಳಾಡಿಕೊಂಡು ಹನ್ನೊಂದನ್ನೂ ಒಯ್ದರು. ಹೆಣ ಗೋಡೆಗೆ ಒರಗಿಕೊಂಡೇ ಇತ್ತು. ಅಡಿವೆಪ್ಪ ತಡೆಯಲಿಲ್ಲ. ಅವನಲ್ಲಿ ತಡೆಯುವಂಥದ್ದು ಏನೂ ಉಳಿದಿರಲಿಲ್ಲ.

ಆಮೇಲೆ ಅವನು ನಾಲಿಗೆಗೆ ಸುಣ್ಣ ತಿಕ್ಕಿಕೊಂಡ, ರುಚಿ ಸತ್ತುಹೋಯಿತು ಅಂತ ಹಾಡು ಕಟ್ಟಿದವರಿದ್ದಾರೆ. ನನ್ನ ಅಜ್ಜಿ ಅದನ್ನು ಒಪ್ಪುತ್ತಿರಲಿಲ್ಲ. ಸುಣ್ಣ ತಿಕ್ಕಿಕೊಂಡದ್ದು ನಿಜ, ಬಾಯಿ ಹುಣ್ಣಾದದ್ದು ನಿಜ, ಆದರೆ ಹುಣ್ಣು ಮಾಯ್ದ ಮೇಲೆ ರುಚಿ ತಿರುಗಿ ಬಂತು ಅನ್ನುತ್ತಿದ್ದಳು. ಉಪ್ಪು ಉಪ್ಪಾಗಿಯೇ, ಬೆಲ್ಲ ಬೆಲ್ಲವಾಗಿಯೇ, ಬೇಡ ಬೇಡ ಅಂದರೂ ಬಂತು. ಬಹಳ ವರ್ಷ ಬದುಕಿದ. ಬೂದಿ ಕಲಸಿ ತಿಂದರೆ ಯಾವ ಕಟ್ಟಿಗೆಯ ಬೂದಿ ಅಂತ ನಾಲಿಗೆ ಹೇಳುತ್ತಿತ್ತಂತೆ. ಸಾತವ್ವ ಹೋಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ, ಅಗಸಿಯಲ್ಲಿ ಬಂಡಿಯವರು ಮತ್ತೆ ಕೇಳತೊಡಗಿದರು: "ಅಡಿವೆಪ್ಪಣ್ಣ, ಈಗ ಯಾರದು ಚಲೋ?" ಅವನು ಎತ್ತುಗಳನ್ನು ಮುಂದಕ್ಕೆ ಹೊಡೆದ. ಆಮೇಲೆ ಯಾರ ಕೂಡೆಯೂ ಮಾತಾಡಲಿಲ್ಲ. ಕೇಳುವವರು ಬೇರೆಯವರನ್ನು ಹುಡುಕಿಕೊಂಡರು.

ಅವನು ಎಲ್ಲಿ ಸತ್ತ ಅಂತ ಗೊತ್ತಿಲ್ಲ. ಆ ಪೇಟೆ ಈಗ ದೊಡ್ಡ ಶಹರ. ಒಲೆಗಳು ಹೋಗಿ ಹೋಟೆಲುಗಳು ಬಂದಿವೆ, ಅರಿವೆ ಹೋಗಿ ಪ್ಲಾಸ್ಟಿಕ್ ಚೀಲ ಬಂದಿದೆ. ಮೆಟ್ಟಿಲಬಾವಿ ಹೂಳು ತುಂಬಿಕೊಂಡು ರಸ್ತೆಯ ಬದಿಯಲ್ಲಿದೆ. ಲಾರಿಯವರು ಅಲ್ಲಿ ನೆರಳಿಗೆ ನಿಲ್ಲಿಸಿ ಪಾರ್ಸೆಲ್ ಬಿಚ್ಚುತ್ತಾರೆ. ನಮ್ಮ ಕಡೆ ಒಬ್ಬ ಉಣ್ಣಲು ಕೂತರೆ ಹಾದಿಯಲ್ಲಿ ಹೋಗುವವನನ್ನೂ "ಬರ್ರಿ ಊಟಕ್ಕ" ಅಂತ ಕರೆಯುವುದು ರೂಢಿ, ವೈರಿಯನ್ನೂ ಕರೆಯುತ್ತೇವೆ. ಆ ಬಾವಿಯ ಕಟ್ಟೆಯ ಮೇಲೆ ಮಾತ್ರ ಯಾರೂ ಯಾರನ್ನೂ ಕರೆಯುವುದಿಲ್ಲ. ಒಂದೇ ಲಾರಿಯಲ್ಲಿ ಬಂದವರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂರುತ್ತಾರೆ. ಹೊಸಬರು ನೋಡಿ, ಎಂಥ ಜಿಪುಣರು ಅಂದುಕೊಳ್ಳುತ್ತಾರೆ. ತಿಂದವರು ಕೈ ತೊಳೆದು, ಎಲ್ಲಿಂದ ತಂದಿ ಅಂತ ಯಾರೂ ಯಾರನ್ನೂ ಕೇಳದೆ, ಎದ್ದು ಹೋಗುತ್ತಾರೆ.