ಯಾವ ಮದ್ದು?

“ಗುರುಗಳೇ, ಯುದ್ಧದಲ್ಲಿ ಅರಸನ ಅರಮನೆಗೆ ತೋಪು ಹೊಡೆಯುವುದು ಧರ್ಮವೇ, ಅಧರ್ಮವೇ?” ಎಂದು ಶಿಷ್ಯ ಕೇಳಿದ. ಬೆಳಗಿನಿಂದ ಅವನದು ಇದೇ ಪಲ್ಲವಿ. ಒಳಗೆ ಯುದ್ಧದ ಸಾಮಗ್ರಿ ಇದ್ದರೆ ಹೊಡೆಯಬಹುದು, ಇಲ್ಲದಿದ್ದರೆ ಕೂಡದು ಎಂದು ಉತ್ತರವನ್ನೂ ತಾನೇ ಕಟ್ಟಿಕೊಂಡಿದ್ದ.

“ಅಯ್ಯೋ ಮಾರಾಯ, ತಲೆ ಚಿಟ್ಟು ಹಿಡಿಸಿಬಿಟ್ಟೆ. ಒಂದು ಕತೆ ಹೇಳುತ್ತೇನೆ, ಬಾಯಿ ಮುಚ್ಚಿಕೊಂಡು ಕೇಳು” ಎಂದರು ಗುರುಗಳು.

ಒಬ್ಬ ದಳವಾಯಿ ಒಂದು ಕೋಟೆಗೆ ಮುತ್ತಿಗೆ ಹಾಕಿದ. ಅವನ ಕಟ್ಟಪ್ಪಣೆಯೂ ನಿನ್ನ ಮಾತಿನಂತೆಯೇ ಇತ್ತು. ಅರಮನೆಯಲ್ಲಿ ಯುದ್ಧದ ಸಾಮಗ್ರಿ ಇಲ್ಲದಿದ್ದರೆ ಅದು ಬರೀ ಮನೆ, ಅದನ್ನು ಮುಟ್ಟಕೂಡದು. ಇದನ್ನು ಕೇಳಿ ಅವನ ತೋಪಿನವನಿಗೆ ಹೋದ ಜೀವ ಬಂದಂತಾಯಿತು. ತನ್ನ ಮಗಳನ್ನು ಅವನು ಆ ಊರಿಗೇ ಮದುವೆ ಮಾಡಿಕೊಟ್ಟಿದ್ದ. ಅವಳು ಆ ಅರಮನೆಯಲ್ಲಿ ಊಳಿಗಕ್ಕಿದ್ದಳು, ತುಂಬು ಬಸುರಿ.

ಒಂದು ಮಧ್ಯಾಹ್ನ ಬೇಹುಗಾರ ಓಡಿಬಂದ. “ಒಡೆಯಾ, ಅರಮನೆಯೊಳಗೆ ಮದ್ದಿನ ಕೋಣೆ ಇದೆ. ಹಗಲೂ ರಾತ್ರಿ ಮದ್ದು ಅರೆಯುತ್ತಿದ್ದಾರಂತೆ.”

“ಇನ್ನೇನು ಬೇಕು? ತೋಪು ತಿರುಗಿಸು” ಎಂದ ದಳವಾಯಿ.

ತೋಪಿನವನಿಗೆ ರೇಗಿಹೋಯಿತು. “ಯಾವ ಮದ್ದಯ್ಯಾ? ಕೆಮ್ಮಿಗೆ ಕುಡಿಸುವುದೋ, ಕೋವಿಗೆ ತುಂಬುವುದೋ? ಬಸುರಿ ಬಾಣಂತಿಯರು ಇರುವ ಮನೆಯಲ್ಲೆಲ್ಲ ಮದ್ದು ಅರೆಯುತ್ತಾರೆ. ನೀನು ಕಣ್ಣಾರೆ ಕಂಡೆಯಾ?” ಎಂದು ಬೇಹುಗಾರನ ಮೇಲೆ ಹರಿಹಾಯ್ದ.

“ಯಾರೋ ಹೇಳಿದ್ದು” ಎಂದ ಬೇಹುಗಾರ.

“ಯಾರೋ ಹೇಳಿದ್ದಂತೆ! ಹೋಗಿ ಮೂಸಿ ನೋಡಿಕೊಂಡು ಬಾರಪ್ಪಾ, ಗಂಧಕವೋ ಶುಂಠಿಯೋ ತಿಳಿಯುತ್ತದೆ. ದಳವಾಯಿಗಳೇ, ನಿಮ್ಮ ದಮ್ಮಯ್ಯ, ಒಂದು ದಿನ ತಾಳಿ. ನನ್ನ ಮಗಳಿದ್ದಾಳೆ ಅಲ್ಲಿ.”

“ಯುದ್ಧದಲ್ಲಿ ಪದಕ್ಕೆ ಅರ್ಥ ಹುಡುಕುತ್ತ ಕೂರುವುದುಂಟೇ? ಮದ್ದು ಅಂದರೆ ಮದ್ದು” ಎಂದ ದಳವಾಯಿ. ಪಂಜು ಕಿತ್ತುಕೊಂಡು ತಾನೇ ತೋಪಿಗೆ ಬೆಂಕಿ ಇಟ್ಟ. ಅರಮನೆಯ ಗೋಡೆ ಕುಸಿಯಿತು. ತೋಪಿನವನು ಮಗಳ ಹೆಸರು ಕೂಗುತ್ತ ಕೋಟೆಯ ಕಡೆ ಓಡಿದ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಕೊನೆಗೆ ಅದು ಯಾವ ಮದ್ದಾಗಿತ್ತು ಗುರುಗಳೇ?”

“ಆ ಬಸುರಿ ಏನಾದಳು ಅಂತ ಕೇಳಬೇಕೆನಿಸಲಿಲ್ಲವಲ್ಲೋ ನಿನಗೆ!” ಎಂದರು ಗುರುಗಳು.